ನಾಲ್ಕು ಲಕ್ಷದ ಸೀಟಿಗೆ ಅಡ್ವಾನ್ಸ್ ಕಟ್ಟುವ ಮೊದಲು: ಖಾಸಗಿ ವಿಶ್ವವಿದ್ಯಾಲಯದ ಲೆಕ್ಕ ಹಾಕುವುದು ಹೇಗೆ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನನಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. "ಮೇಷ್ಟ್ರೇ, ಬೆಂಗಳೂರಲ್ಲಿ ಒಂದು ಯೂನಿವರ್ಸಿಟಿಲಿ ಸೀಟ್ ಬ್ಲಾಕ್ ಮಾಡಿಬಿಟ್ವಿ. ಚೆನ್ನಾಗಿದೆಯಾ?" ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಈ ಪ್ರಶ್ನೆ ನನ್ನ ಹತ್ತಿರ ಬರುವ ಹೊತ್ತಿಗೆ ಐವತ್ತು ಸಾವಿರವೋ ಒಂದು ಲಕ್ಷವೋ ಹೋಗಿರುತ್ತದೆ. ಆಮೇಲೆ ಅವರಿಗೆ ಬೇಕಾಗಿರುವುದು ಲೆಕ್ಕವಲ್ಲ, ಸಮಾಧಾನ.

ಎಡವುವುದು ಎಲ್ಲಿ ಅಂದರೆ, ಕೆಲಸದ ಕ್ರಮದಲ್ಲಿ. ಮೊದಲು ಕ್ಯಾಂಪಸ್ ನೋಡುತ್ತಾರೆ, ಆಮೇಲೆ ಅಡ್ವಾನ್ಸ್ ಕಟ್ಟುತ್ತಾರೆ, ಕೊನೆಗೆ ಲೆಕ್ಕ ಹಾಕುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಯೂನಿವರ್ಸಿಟಿ ಒಳ್ಳೆಯದಾ ಕೆಟ್ಟದ್ದಾ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನಿಮ್ಮ ಮಗುವಿಗೆ ಸಿಗಬಹುದಾದ ಇನ್ನೊಂದು ಸೀಟಿಗಿಂತ ಇದಕ್ಕೆ ಎಷ್ಟು ಜಾಸ್ತಿ ದುಡ್ಡು ಕೊಡುತ್ತೀರಿ, ಆ ಜಾಸ್ತಿ ದುಡ್ಡಿಗೆ ಏನು ಸಿಗುತ್ತದೆ ಎಂಬುದಷ್ಟೇ ಪ್ರಶ್ನೆ.

ಇಲ್ಲಿ ಹೇಳಿರುವುದು ಕರ್ನಾಟಕದ ಎಂಜಿನಿಯರಿಂಗ್ ಸೀಟುಗಳ ಬಗ್ಗೆ. ಬಿಬಿಎಗೋ ಕಾನೂನು ಓದಿಗೋ ಹೋಗುವವರಿಗೂ ಕ್ರಮ ಇದೇ, ಅಂಕಿ ಸಿಗುವ ಜಾಗ ಮಾತ್ರ ಬೇರೆ.

ಮೊದಲು ಇವನ್ನು ಹೊಂದಿಸಿಕೊಳ್ಳಿ

ಒಂದು ನೋಟ್‌ಬುಕ್ ಸಾಕು, ಎಕ್ಸೆಲ್ ಬಂದರೆ ಇನ್ನೂ ಸುಲಭ. ಮಗುವಿನ ಪಿಯು ಅಂಕ, ಸರ್ಕಾರದ ಪ್ರವೇಶ ಪರೀಕ್ಷೆಯಾದ ಸಿಇಟಿ ಮತ್ತು ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ರ‍್ಯಾಂಕ್. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿರುವ ಹಿಂದಿನ ಎರಡು ವರ್ಷದ ಕಟ್‌ಆಫ್ ಪಟ್ಟಿ (ಪ್ರತಿ ಸೀಟು ಕೊನೆಗೆ ಯಾವ ರ‍್ಯಾಂಕಿಗೆ ಮುಚ್ಚಿತು ಎಂಬುದು) ಮತ್ತು ಈ ವರ್ಷದ ಶುಲ್ಕದ ಪಟ್ಟಿ. ನೀವು ಯೋಚಿಸುತ್ತಿರುವ ಯೂನಿವರ್ಸಿಟಿ, ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ಗೆ ಕೊಟ್ಟ ಮಾಹಿತಿಯ ಪಿಡಿಎಫ್. ಇಷ್ಟಕ್ಕೆ ಎರಡು ಸಂಜೆ ಬೇಕು. ಕ್ಯಾಂಪಸ್ ನೋಡಲು ವಾರದ ನಡುವೆ ಒಂದು ದಿನ ರಜೆ ಹಾಕಬೇಕಾಗುತ್ತದೆ. ಇಪ್ಪತ್ತೆಂಟು ಲಕ್ಷದ ವ್ಯವಹಾರಕ್ಕೆ ಇದು ಜಾಸ್ತಿ ಏನಲ್ಲ. ಆ ಇಪ್ಪತ್ತೆಂಟು ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ.

1. ನಿಮ್ಮ ಕೈಗೆ ಸಿಗುವ ಇನ್ನೊಂದು ಸೀಟು ಯಾವುದು?

ಈ ಹಂತವನ್ನು ಮುಗಿಸದೆ ಮುಂದಕ್ಕೆ ಹೋಗಬೇಡಿ. ನನ್ನ ಹತ್ತಿರ ಬಂದವರಲ್ಲಿ ಹತ್ತಕ್ಕೆ ಎಂಟು ಜನ ಇದನ್ನೇ ಬಿಟ್ಟಿರುತ್ತಾರೆ.

ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಬೋರ್ಡಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕಾಮೆಡ್‌-ಕೆಯಲ್ಲಿ ಪರೀಕ್ಷೆಯ ಅಂಕವೇ ರ‍್ಯಾಂಕ್. ಹಾಗಾಗಿ ಒಂದೇ ಹುಡುಗಿಗೆ ಎರಡು ಕಡೆ ಬೇರೆ ಬೇರೆ ಅವಕಾಶ ಇರುತ್ತದೆ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನ ಖಾಸಗಿ ಅನುದಾನರಹಿತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 45 ಸೀಟು ಸಿಇಟಿಗೆ, ಶೇ. 30 ಕಾಮೆಡ್‌-ಕೆಗೆ, ಉಳಿದ ಶೇ. 25 ಮ್ಯಾನೇಜ್‌ಮೆಂಟ್‌ಗೆ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು, ಕಾಮೆಡ್‌-ಕೆ ಸೀಟಿಗೆ ಎರಡರಿಂದ ಎರಡೂಮುಕ್ಕಾಲು ಲಕ್ಷ. ಸರ್ಕಾರಿ ಕಾಲೇಜಾದರೆ ಇದಕ್ಕಿಂತ ತುಂಬಾ ಕಡಿಮೆ.

ಈಗ ಕಟ್‌ಆಫ್ ಪಟ್ಟಿ ತೆಗೆಯಿರಿ. ಮೊದಲ ಸುತ್ತಿನದ್ದಲ್ಲ, ಕೊನೆಯ ಸುತ್ತಿನದ್ದು. ಮಗುವಿನ ರ‍್ಯಾಂಕ್ 30 ಸಾವಿರ ಇದ್ದರೆ 25ರಿಂದ 45 ಸಾವಿರದ ನಡುವೆ ಮುಚ್ಚಿದ ಸೀಟುಗಳನ್ನೆಲ್ಲ ಬರೆದುಕೊಳ್ಳಿ. ಎರಡೂ ವರ್ಷ 30 ಸಾವಿರ ದಾಟಿ ಮುಚ್ಚಿದವು ಗಟ್ಟಿ. ಒಂದೇ ವರ್ಷ ದಾಟಿದವು ಅದೃಷ್ಟ.

ಪಟ್ಟಿ ನೋಡುವಾಗ ನಿಮ್ಮ ಕಾಲಂ ಸರಿಯಾಗಿ ಹಿಡಿಯಿರಿ. ಬರೀ ಜಿಎಂ (ಸಾಮಾನ್ಯ ವರ್ಗ) ನೋಡಿ "ನಮಗೆಲ್ಲಿ ಸಿಗುತ್ತೆ" ಅಂತ ಪಟ್ಟಿ ಮುಚ್ಚಿಟ್ಟವರು ಎಷ್ಟೋ ಜನ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಕಾಲಂ ಇದೆ. ಕಲ್ಯಾಣ ಕರ್ನಾಟಕದವರಿಗೆ 371ಜೆ ಮೀಸಲಾತಿ ಇದೆ. ಜಿಎಂ ಕಾಲಂನಲ್ಲಿ ಸಿಗದ ಸೀಟು ಜಿಎಂಆರ್ (ಸಾಮಾನ್ಯ ವರ್ಗದ ಗ್ರಾಮೀಣ) ಕಾಲಂನಲ್ಲಿ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ಆದರೆ ಅರ್ಜಿಯಲ್ಲಿ ಕೇಳಿರಬೇಕು, ಬಿಇಓ ಸಹಿಯ ಸರ್ಟಿಫಿಕೇಟ್ ಇರಬೇಕು.

ಎಸ್‌ಎನ್‌ಕ್ಯೂ ಅಂತ ಇನ್ನೊಂದು ಇದೆ. ಮನೆಯ ವಾರ್ಷಿಕ ಆದಾಯ ಎಂಟು ಲಕ್ಷದ ಒಳಗಿದ್ದರೆ ಕೆಇಎ ಮೂಲಕವೇ ಸಿಗುವ ಹೆಚ್ಚುವರಿ ಶೇ. 5 ಸೀಟು, ಟ್ಯೂಷನ್ ಫೀ ಮಾಫಿ. ಉಳಿದ ಸಣ್ಣಪುಟ್ಟ ಶುಲ್ಕ ಕಟ್ಟಬೇಕು, ಅಷ್ಟೇ. ಇದರ ಹೆಸರೇ ಕೇಳದ ಅಪ್ಪ-ಅಮ್ಮಂದಿರು ನನಗೆ ಪ್ರತಿ ವರ್ಷ ಸಿಗುತ್ತಾರೆ.

ಬೆಂಗಳೂರಿನ ಆಚೆಗೂ ಕಣ್ಣು ಹಾಯಿಸಿ. ಹಾಸನದ ಎಂಸಿಇ, ಮಂಡ್ಯದ ಪಿಇಎಸ್, ಮೈಸೂರಿನ ಎನ್‌ಐಇ, ಬಾಗಲಕೋಟೆಯ ಬಿಇಸಿ, ಕಲಬುರಗಿಯ ಪಿಡಿಎ ಇಂಥ ಹಳೆಯ ಕಾಲೇಜುಗಳಲ್ಲಿ ಕೆಲವು ಬ್ರಾಂಚ್‌ಗಳಿಗೆ ಅನುದಾನಿತ ಸೀಟುಗಳಿವೆ. ಅವುಗಳ ಶುಲ್ಕ ನೋಡಿದರೆ ಒಂದು ಸೊನ್ನೆ ಬಿಟ್ಟುಹೋಗಿದೆಯೇನೋ ಅನ್ನಿಸುತ್ತದೆ. ಬೆಂಗಳೂರಲ್ಲೇ ಬೇಕು ಅನ್ನುವವರಿಗೆ ಸರ್ಕಾರದ ಯುವಿಸಿಇ ಇದೆ, ರ‍್ಯಾಂಕ್ ಬೇಕು.

ಇನ್ನೊಂದು ವಿಷಯವನ್ನು ಯಾವ ಅಡ್ಮಿಷನ್ ಕೌನ್ಸಿಲರ್ ಕೂಡ ತಾನಾಗಿ ಹೇಳುವುದಿಲ್ಲ. ನೀವು ನಾಲ್ಕು ಲಕ್ಷ ಕೊಡಲು ಹೊರಟಿರುವ ಅದೇ ಖಾಸಗಿ ಯೂನಿವರ್ಸಿಟಿಯ ಅದೇ ಬ್ರಾಂಚಿನ ಒಂದಷ್ಟು ಸೀಟು ಕೆಇಎ ಪಟ್ಟಿಯಲ್ಲೂ ಇರಬಹುದು, ಕಡಿಮೆ ಶುಲ್ಕಕ್ಕೆ. ಅದೇ ಕ್ಲಾಸು, ಅದೇ ಮೇಷ್ಟ್ರು, ಅದೇ ಡಿಗ್ರಿ. ನನ್ನ ಒಬ್ಬ ವಿದ್ಯಾರ್ಥಿಗೆ ಪಕ್ಕದ ಬೆಂಚಿನವನು ತನಗಿಂತ ಅರ್ಧಕ್ಕೂ ಕಡಿಮೆ ಕಟ್ಟಿದ್ದಾನೆ ಅಂತ ಗೊತ್ತಾಗಿದ್ದು ಮೂರನೇ ಸೆಮಿಸ್ಟರಿನಲ್ಲಿ. ಅವನ ರ‍್ಯಾಂಕಿಗೂ ಆ ಸೀಟು ಸಿಗುತ್ತಿತ್ತು. ಆಪ್ಷನ್ ಎಂಟ್ರಿಯನ್ನೇ, ಅಂದರೆ ಬೇಕಾದ ಸೀಟುಗಳ ಪಟ್ಟಿಯನ್ನು ಕೆಇಎಗೆ ಕೊಡುವುದನ್ನೇ, ಮಾಡಿರಲಿಲ್ಲ.

ಈ ಹಂತದ ಕೊನೆಗೆ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಇರಬೇಕು: ಕಾಲೇಜಿನ ಹೆಸರು, ಬ್ರಾಂಚ್, ವರ್ಷದ ಶುಲ್ಕ. ಇದನ್ನು ಮುಂದೆ "ನಮ್ಮ ಸೀಟು" ಅಂತ ಕರೆಯೋಣ.

*ತಪ್ಪುವುದು ಇಲ್ಲಿ:* ಆ ಯೂನಿವರ್ಸಿಟಿಯನ್ನು ಆರ್‌ವಿ ಜೊತೆಗೋ ಸುರತ್ಕಲ್ ಎನ್‌ಐಟಿಕೆ ಜೊತೆಗೋ ಹೋಲಿಸುವುದು. ನಿಮ್ಮ ರ‍್ಯಾಂಕಿಗೆ ಸಿಗದ ಸೀಟಿನ ಜೊತೆ ಹೋಲಿಸಿ ಏನು ಪ್ರಯೋಜನ?

2. ಡಿಗ್ರಿ ಕೊಡುವವರು ಯಾರು?

ಇದು ಹತ್ತು ನಿಮಿಷದ ಕೆಲಸ. ಒಂದೇ ಟ್ರಸ್ಟ್, ಒಂದೇ ಗೇಟು, ಒಳಗೆ ವಿಟಿಯು ಕಾಲೇಜೂ ಇರುತ್ತದೆ, ಅದೇ ಹೆಸರಿನ ಯೂನಿವರ್ಸಿಟಿಯೂ ಇರುತ್ತದೆ. ಹೆಸರು ಕೇಳಿದ್ದೇವೆ ಅಂತ ಹೋಗುತ್ತೀರಿ. ಹೆಸರು ಮಾಡಿದ್ದು ಹಳೆಯ ಕಾಲೇಜು, ನಿಮಗೆ ಕೊಡುತ್ತಿರುವುದು ಮೊನ್ನೆ ಶುರುವಾದ ಯೂನಿವರ್ಸಿಟಿಯ ಸೀಟು. "ಡಿಗ್ರಿ ಸರ್ಟಿಫಿಕೇಟಿನ ಮೇಲೆ ಯಾವ ಹೆಸರು ಬರುತ್ತದೆ?" ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಆಮೇಲೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ವೆಬ್‌ಸೈಟಿನ ಪಟ್ಟಿಯಲ್ಲಿ ಆ ಹೆಸರು ಇದೆಯಾ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಅಲ್ಲೇ ಇರುತ್ತದೆ. ಗುಣಮಟ್ಟ ಅಳೆಯುವವರಲ್ಲಿ ನ್ಯಾಕ್ ಗ್ರೇಡ್ ಕೊಡುವುದು ಇಡೀ ಸಂಸ್ಥೆಗೆ. ಎನ್‌ಬಿಎ ಮಾನ್ಯತೆ ಕೊಡುವುದು ಒಂದೊಂದು ಬ್ರಾಂಚಿಗೆ. ಬ್ರೋಷರಿನಲ್ಲಿ "ಎನ್‌ಬಿಎ ಮಾನ್ಯತೆ" ಅಂತ ದೊಡ್ಡದಾಗಿ ಇದ್ದರೂ ಅದು ಮೆಕ್ಯಾನಿಕಲ್‌ಗೆ ಇದ್ದು, ನೀವು ಸೇರುವ ಎಐ ಬ್ರಾಂಚಿಗೆ ಇಲ್ಲದಿರಬಹುದು. ಹೊಸ ಬ್ರಾಂಚುಗಳ ಕಥೆ ಸಾಮಾನ್ಯವಾಗಿ ಹೀಗೇ.

3. ನಾಲ್ಕು ವರ್ಷದ ಪೂರ್ತಿ ಖರ್ಚು ಬರೆಯಿರಿ

ಕೌನ್ಸಿಲರ್ ಹೇಳುವುದು ಮೊದಲ ವರ್ಷದ ಟ್ಯೂಷನ್ ಫೀ ಮಾತ್ರ. ನೀವು ಬರೆಯಬೇಕಾದ್ದು ನಾಲ್ಕು ವರ್ಷದ ಪ್ರತಿಯೊಂದು ಸಾಲು. ಟ್ಯೂಷನ್, ಯೂನಿವರ್ಸಿಟಿ ಫೀ, ಪರೀಕ್ಷಾ ಶುಲ್ಕ, "ಸ್ಕಿಲ್ ಡೆವಲಪ್‌ಮೆಂಟ್" ಎಂಬ ಹೆಸರಿನ ಶುಲ್ಕ, ಪ್ಲೇಸ್‌ಮೆಂಟ್ ಟ್ರೇನಿಂಗ್ ಶುಲ್ಕ, ಹಾಸ್ಟೆಲ್, ಮೆಸ್, ಬಸ್ಸು, ಲ್ಯಾಪ್‌ಟಾಪ್, ಊರಿಗೆ ಓಡಾಟ.

ಕಳೆದ ವರ್ಷ ಅರಕಲಗೂಡಿನ ಒಬ್ಬ ರೈತರು ಶುಂಠಿ ಮಾರಿದ ದುಡ್ಡಿನ ಧೈರ್ಯದಲ್ಲಿ ನಮ್ಮ ಮನೆಗೆ ಬಂದಿದ್ದರು. "ನಾಲ್ಕು ಲಕ್ಷ ಅಲ್ವಾ ಮೇಷ್ಟ್ರೇ, ನಾಲ್ಕು ನಾಲ್ಕಲಿ ಹದಿನಾರು" ಅಂದರು. ಕೂತು ಬರೆದೆವು.

ಟ್ಯೂಷನ್ ನಾಲ್ಕು ಲಕ್ಷ, ವರ್ಷಕ್ಕೆ ಶೇ. 5 ಏರಿಕೆ ಅಂತ ಅವರ ಫಾರಂನಲ್ಲೇ ಇತ್ತು. ಅಲ್ಲಿಗೆ ನಾಲ್ಕು ವರ್ಷಕ್ಕೆ 17.24 ಲಕ್ಷ. ಹಾಸ್ಟೆಲ್ ಮತ್ತು ಮೆಸ್ ವರ್ಷಕ್ಕೆ ಒಂದೂವರೆ ಲಕ್ಷದಂತೆ 6 ಲಕ್ಷ. ಇತರ ಶುಲ್ಕ ವರ್ಷಕ್ಕೆ 40 ಸಾವಿರ, ಒಟ್ಟು 1.6 ಲಕ್ಷ. ಪುಸ್ತಕ, ಬಸ್ ಚಾರ್ಜು, ಬಟ್ಟೆಬರೆ, ಕೈಖರ್ಚು ತಿಂಗಳಿಗೆ ಐದು ಸಾವಿರ, ನಾಲ್ಕು ವರ್ಷಕ್ಕೆ 2.4 ಲಕ್ಷ. ಲ್ಯಾಪ್‌ಟಾಪ್ 70 ಸಾವಿರ. ಕೂಡಿದರೆ 27.94 ಲಕ್ಷ. ಇಪ್ಪತ್ತೆಂಟು ಅನ್ನಿ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ಕೂಡಿದರು. ಅಷ್ಟೇ ಬಂತು.

ಆಮೇಲೆ ಅದೇ ಹಾಳೆಯ ಪಕ್ಕದ ಕಾಲಂನಲ್ಲಿ "ನಮ್ಮ ಸೀಟು" ಬರೆದೆವು. ಅವರ ಮಗಳ ರ‍್ಯಾಂಕಿಗೆ ಮೈಸೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಇಟಿ ಸೀಟು ಗಟ್ಟಿ ಇತ್ತು. ಶುಲ್ಕ ವರ್ಷಕ್ಕೆ ಒಂದು ಲಕ್ಷದಂತೆ 4 ಲಕ್ಷ, ಪಿಜಿ ತಿಂಗಳಿಗೆ ಹತ್ತು ಸಾವಿರದಂತೆ 4.8 ಲಕ್ಷ, ಕೈಖರ್ಚು 2.4, ಲ್ಯಾಪ್‌ಟಾಪ್ 0.7. ಒಟ್ಟು ಸುಮಾರು 12 ಲಕ್ಷ.

28ರಲ್ಲಿ 12 ಕಳೆದರೆ 16. ಯೂನಿವರ್ಸಿಟಿಯ ನಿಜವಾದ ಬೆಲೆ ಅದು. ಮುಂದಿನ ಎಲ್ಲ ಹಂತದಲ್ಲೂ ಈ 16 ಲಕ್ಷಕ್ಕೆ ಏನು ಬರುತ್ತದೆ ಅಂತ ಕೇಳುತ್ತಾ ಹೋಗಿ. 28ಕ್ಕಲ್ಲ, 16ಕ್ಕೆ.

*ಎಚ್ಚರ:* "ಶೇ. 50 ಸ್ಕಾಲರ್‌ಶಿಪ್" ಅಂದರೆ ಮೊದಲ ವರ್ಷಕ್ಕೆ ಮಾತ್ರವಾ, ನಾಲ್ಕೂ ವರ್ಷಕ್ಕಾ? ಎಷ್ಟು ಸಿಜಿಪಿಎ ಇಳಿದರೆ ನಿಲ್ಲುತ್ತದೆ? ಬಾಯಿಮಾತು ಬೇಡ, ಆಫರ್ ಲೆಟರ್‌ನಲ್ಲಿ ಬರೆದಿರಬೇಕು. ಇನ್ನೊಂದು ಮಾತು. ಸರ್ಕಾರಿ ಕೋಟಾ ಸೀಟಿಗೆ ಸಿಗುವ ಶುಲ್ಕ ವಿನಾಯಿತಿ ಮ್ಯಾನೇಜ್‌ಮೆಂಟ್ ಸೀಟಿಗೆ ಸಿಗದೆ ಹೋಗಬಹುದು. ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿ. ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 50 ಸಾವಿರ, ಆದಾಯ ಮಿತಿ ಎಂಟು ಲಕ್ಷ. ಕಾಲೇಜಿಗೆ ಎಐಸಿಟಿಇ ಅನುಮೋದನೆ ಇರಬೇಕು.

4. ಪ್ಲೇಸ್‌ಮೆಂಟ್ ಅಂಕಿಯ ಸಿಪ್ಪೆ ಸುಲಿಯಿರಿ

ಹೋರ್ಡಿಂಗ್ ಮೇಲೆ "ಅತಿ ಹೆಚ್ಚು ಪ್ಯಾಕೇಜ್ 52 ಲಕ್ಷ" ಅಂತ ಒಂದು ಹುಡುಗಿಯ ಫೋಟೋ. ಅದು ಆ ಹುಡುಗಿಯ ಸಂಬಳ, ನಿಮ್ಮ ಮಗಳದ್ದಲ್ಲ. ಸರಾಸರಿಯನ್ನೂ ನಂಬಬೇಡಿ. ಒಬ್ಬರ 52 ಲಕ್ಷ ಹತ್ತು ಜನರ ಮೂರೂವರೆ ಲಕ್ಷವನ್ನು ಎತ್ತಿ ತೋರಿಸುತ್ತದೆ.

ನಿಮಗೆ ಬೇಕಾದ್ದು ಎನ್‌ಐಆರ್‌ಎಫ್ ಮಾಹಿತಿ. ರ‍್ಯಾಂಕಿಂಗ್ ಅಲ್ಲ, ಮಾಹಿತಿ. ಇದರಲ್ಲಿ ಭಾಗವಹಿಸುವ ಪ್ರತಿ ಸಂಸ್ಥೆಯೂ ತಾನು ಸಲ್ಲಿಸಿದ ಅಂಕಿಅಂಶವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಪುಟದ ತಳದಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಕೊಂಡಿ ಇರುತ್ತದೆ. ಅದರಲ್ಲಿ ನಾಲ್ಕು ವರ್ಷದ ಪದವಿಯ ಟೇಬಲ್ ಹುಡುಕಿ. ಎಷ್ಟು ಜನ ಸೇರಿದರು, ಎಷ್ಟು ಜನ ನಾಲ್ಕೇ ವರ್ಷದಲ್ಲಿ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಕೆಲಸ ಸಿಕ್ಕವರ ಮೀಡಿಯನ್ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು, ಎಲ್ಲ ಅಲ್ಲೇ ಇರುತ್ತದೆ.

ಓದುವ ರೀತಿ ಹೇಳುತ್ತೇನೆ. ಲೆಕ್ಕಕ್ಕೆ ಅಂತ ಅಂಕಿ ಇಟ್ಟುಕೊಳ್ಳೋಣ. ಸೇರಿದವರು 720, ಸಮಯಕ್ಕೆ ಪಾಸಾದವರು 600, ಕೆಲಸ ಸಿಕ್ಕವರು 360, ಮುಂದೆ ಓದಲು ಹೋದವರು 60, ಮೀಡಿಯನ್ 6 ಲಕ್ಷ.

ಮೊದಲನೆಯದು, 120 ಮಂದಿ ಸಮಯಕ್ಕೆ ಪಾಸೇ ಆಗಿಲ್ಲ. ಬ್ಯಾಕ್‌ಲಾಗ್ ಅಂದರೆ ಇನ್ನೊಂದು ವರ್ಷದ ಪಿಜಿ ಬಾಡಿಗೆ.

ಎರಡನೆಯದು, ಪಾಸಾದ 600ರಲ್ಲಿ 180 ಮಂದಿ ಕೆಲಸಕ್ಕೂ ಸೇರಿಲ್ಲ, ಮುಂದೆ ಓದಲೂ ಹೋಗಿಲ್ಲ. "ಪ್ಲೇಸ್‌ಮೆಂಟ್ ಶೇ. 90" ಎಂಬ ಬೋರ್ಡು ಇವರನ್ನು ಎಣಿಸಿರುವುದಿಲ್ಲ. ಅವರ ಲೆಕ್ಕದಲ್ಲಿ ಇವರು "ಅರ್ಹರಲ್ಲ" ಅಥವಾ "ಆಸಕ್ತಿ ತೋರಿಸಿಲ್ಲ".

ಮೂರನೆಯದು ಸ್ವಲ್ಪ ಸೂಕ್ಷ್ಮ. ಮೀಡಿಯನ್ ಅಂದರೆ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವರ ಸಂಬಳ. ಆದರೆ ಆ ಸಾಲಿನಲ್ಲಿರುವುದು ಕೆಲಸ ಸಿಕ್ಕ 360 ಮಂದಿ ಮಾತ್ರ. ಅಂದರೆ 6 ಲಕ್ಷ ಮೇಲಿನಿಂದ 180ನೆಯವರ ಸಂಬಳ. ಓದಲು ಹೋದವರನ್ನು ಬಿಟ್ಟು ಕೆಲಸ ಸಿಗದವರನ್ನೂ ಸಾಲಿಗೆ ಸೇರಿಸಿದರೆ 540 ಮಂದಿ, ನಡುವೆ ನಿಲ್ಲುವವರು 270ನೆಯವರು. ಅವರ ಸಂಬಳ 6 ಲಕ್ಷಕ್ಕಿಂತ ಎಷ್ಟೋ ಕೆಳಗೆ. ನಿಮ್ಮ ಮಗುವನ್ನು ಮನಸ್ಸಿನಲ್ಲೇ ಆ 270ನೇ ಜಾಗದಲ್ಲಿ ನಿಲ್ಲಿಸಿ ಲೆಕ್ಕ ಹಾಕಿ. ನಮ್ಮ ಮಗು ಜಾಣ, ಮೇಲಿನ ಹತ್ತರಲ್ಲಿ ಇರುತ್ತಾನೆ ಅನ್ನುತ್ತೀರಾ? ಮೇಲಿನ ಹತ್ತರಲ್ಲಿ ಇರುವವನು 12 ಲಕ್ಷದ ಸೀಟಿನಲ್ಲೂ ಮೇಲಿನ ಹತ್ತರಲ್ಲೇ ಇರುತ್ತಾನೆ.

"ನಮ್ಮ ಸೀಟಿ"ನ ಕಾಲೇಜಿಗೂ ಇದೇ ಟೇಬಲ್ ತೆಗೆದು ಪಕ್ಕಪಕ್ಕ ಇಡಿ. ಎರಡು ಮೀಡಿಯನ್‌ಗಳ ನಡುವೆ ಎಷ್ಟೋ ಸಲ ಐವತ್ತು ಸಾವಿರ, ಒಂದು ಲಕ್ಷದ ವ್ಯತ್ಯಾಸ ಮಾತ್ರ ಇರುತ್ತದೆ. ಕೆಲವೊಮ್ಮೆ ನಿಜಕ್ಕೂ ದೊಡ್ಡ ವ್ಯತ್ಯಾಸ ಇರುತ್ತದೆ. ಆಗ ಆ ಯೂನಿವರ್ಸಿಟಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಈ ಟೇಬಲ್‌ನಲ್ಲಿ ಒಂದು ಕೊರತೆ ಇದೆ. ಎಲ್ಲ ಬ್ರಾಂಚ್ ಒಟ್ಟಿಗೆ ಇರುತ್ತದೆ. ಹಾಗಾಗಿ ನಿಮ್ಮ ಬ್ರಾಂಚಿನ ಅಂಕಿಯನ್ನು ಪ್ಲೇಸ್‌ಮೆಂಟ್ ಸೆಲ್‌ಗೆ ಇಮೇಲ್ ಮಾಡಿ ಕೇಳಿ: ಕಳೆದ ವರ್ಷ ಈ ಬ್ರಾಂಚಿನಲ್ಲಿ ಎಷ್ಟು ಜನ ಓದಿದರು, ಎಷ್ಟು ಜನ ಆಫರ್ ಪಡೆದರು, ಎಷ್ಟು ಜನ ನಿಜವಾಗಿ ಕೆಲಸಕ್ಕೆ ಸೇರಿದರು? ಒಬ್ಬನೇ ಮೂರು ಆಫರ್ ಪಡೆದರೆ ಮೂರು ಅಂತ ಎಣಿಸುವ ಅಭ್ಯಾಸ ಇದೆ. 2024-25ರಿಂದ ಎಐಸಿಟಿಇ ಒಳ್ಳೆಯ ಸ್ಥಿತಿಯಲ್ಲಿರುವ ಸಂಸ್ಥೆಗಳಿಗೆ ಸೀಟಿನ ಮೇಲ್ಮಿತಿ ತೆಗೆದಿದೆ. ಹಿಂದೆ ಮುನ್ನೂರು ಇದ್ದ ಕಂಪ್ಯೂಟರ್ ಸೈನ್ಸ್ ಬ್ಯಾಚು ಈಗ ಸಾವಿರ ಆಗಿದ್ದರೆ, ಮುನ್ನೂರು ಜನರ ಕಾಲದ ಅಂಕಿ ನಿಮ್ಮ ಮಗುವಿಗೆ ಅನ್ವಯಿಸುವುದಿಲ್ಲ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಮೂರು ಪಟ್ಟು ಆಗಿರುವುದಿಲ್ಲವಲ್ಲ.

*ಎಚ್ಚರ:* ಎನ್‌ಐಆರ್‌ಎಫ್‌ನಲ್ಲಿ ಭಾಗವಹಿಸಿಲ್ಲ, ಬ್ರಾಂಚ್‌ವಾರು ಅಂಕಿಯೂ ಕೊಡುವುದಿಲ್ಲ, ಬರೀ ಕಂಪನಿ ಲೋಗೋಗಳ ಪೋಸ್ಟರ್ ಇದೆ ಅಂದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಒಂದು ಬ್ಯಾಚೂ ಹೊರಬರದ ಹೊಸ ಯೂನಿವರ್ಸಿಟಿಗೆ ಪೂರ್ತಿ ಬೆಲೆ ಕೊಡುವುದು ನನ್ನ ಪ್ರಕಾರ ಜೂಜು.

5. ಸಾಲ ಮಾಡುವುದಾದರೆ

ಉಳಿತಾಯದಿಂದಲೇ ಕಟ್ಟುವ ಶಕ್ತಿ ಇದ್ದವರು ಮುಂದಿನ ಹಂತಕ್ಕೆ ಹೋಗಬಹುದು.

ನಮ್ಮ ಉದಾಹರಣೆಯ 16 ಲಕ್ಷವನ್ನೇ ತೆಗೆದುಕೊಳ್ಳೋಣ. ವರ್ಷದ ಆರಂಭದಲ್ಲಿ ನಾಲ್ಕು ಲಕ್ಷದಂತೆ ನಾಲ್ಕು ಕಂತು, ಬಡ್ಡಿ ಶೇ. 10. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದುವಷ್ಟು ವರ್ಷ ಮತ್ತು ಮುಂದಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. "ಆರಾಮಾಗಿ ಆಮೇಲೆ ಕಟ್ಟಬಹುದು" ಅಂತಾರೆ. ಬಡ್ಡಿ ಆರಾಮಾಗಿ ಕೂರುವುದಿಲ್ಲ. ಸರಳ ಬಡ್ಡಿ ಅಂತ ಹಿಡಿದರೂ ಐದು ವರ್ಷದ ಕೊನೆಗೆ 5.6 ಲಕ್ಷ ಸೇರಿ ಸಾಲ 21.6 ಲಕ್ಷ ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ಇಎಂಐ ಸುಮಾರು 28,500. ಕೊನೆಗೆ ಕಟ್ಟಿದ್ದು 34 ಲಕ್ಷ ದಾಟುತ್ತದೆ.

ಈಗ ಸಂಬಳದ ಕಡೆ ನೋಡಿ. ವರ್ಷಕ್ಕೆ ನಾಲ್ಕೂವರೆ ಲಕ್ಷ ಸಿಟಿಸಿ (ಕಂಪನಿ ಹೇಳುವ ಒಟ್ಟು ಸಂಬಳ) ಅಂದರೆ ಪಿಎಫ್ ಅದೂ ಇದೂ ಕಳೆದು ಕೈಗೆ ಬರುವುದು ತಿಂಗಳಿಗೆ 33 ಸಾವಿರದ ಹತ್ತಿರ. ಅದರಲ್ಲಿ 28,500 ಬ್ಯಾಂಕಿಗೆ. ಉಳಿದ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಪಿಜಿ ಸಿಗುವುದಿಲ್ಲ. ಕಂತು ಕಟ್ಟುವುದು ಮತ್ತೆ ಅಪ್ಪನೇ.

ನಾನು ಹೇಳುವ ಅಳತೆ ಇಷ್ಟು: ಇಎಂಐ, ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ಮೀರಬಾರದು. 28,500ಕ್ಕೆ ಇದನ್ನು ಹಾಕಿದರೆ ಕೈಗೆ 85 ಸಾವಿರ ಬರಬೇಕು, ಅಂದರೆ ಸಿಟಿಸಿ ಹನ್ನೆರಡು ಲಕ್ಷದ ಸುಮಾರು. ನಾಲ್ಕನೇ ಹಂತದ 270ನೆಯವರಿಗೆ ಹನ್ನೆರಡು ಲಕ್ಷ ಬರುತ್ತಾ?

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಇಎಂಐ 21 ಸಾವಿರಕ್ಕೆ ಇಳಿಯುತ್ತದೆ. ಮೊದಲ ವರ್ಷ ತಿಂಗಳಿಗೆ ಸುಮಾರು 3,300 ರೂಪಾಯಿ, ನಾಲ್ಕನೇ ವರ್ಷ 13,300. ಸಾಧ್ಯವಿದ್ದವರು ಹೀಗೇ ಮಾಡಿ.

ಬ್ಯಾಂಕಿಗೆ ಹೋಗುವ ಮೊದಲು ನಾಲ್ಕು ವಿಷಯ ತಿಳಿದಿರಲಿ. ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಮನೆಯೋ ಜಮೀನೋ ಅಡಮಾನ ಕೇಳುತ್ತಾರೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನ, ಶ್ಯೂರಿಟಿ ಬೇಡ, ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಕುಟುಂಬದ ಆದಾಯ ಎಂಟು ಲಕ್ಷದ ಒಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ನಿಮ್ಮ ಯೂನಿವರ್ಸಿಟಿ ಆ ಪಟ್ಟಿಯಲ್ಲಿ ಇದೆಯಾ ಅಂತ ನೋಡುವುದೇ ಒಂದು ಒಳ್ಳೆಯ ಪರೀಕ್ಷೆ. ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟೋ ಬ್ಯಾಂಕುಗಳು ಬೇರೆ ನಿಯಮ ಇಡುತ್ತವೆ, ಆದ್ದರಿಂದ ಅಡ್ವಾನ್ಸ್‌ಗೆ ಮೊದಲೇ ಮ್ಯಾನೇಜರ್ ಹತ್ತಿರ ಕೇಳಿ. ಇನ್ನು ಶಿಕ್ಷಣ ಸಾಲದ ತೆರಿಗೆ ವಿನಾಯಿತಿ ಬಡ್ಡಿಗೆ ಮಾತ್ರ, ಎಂಟು ವರ್ಷಕ್ಕೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ.

6. ಈಗ ಕ್ಯಾಂಪಸ್‌ಗೆ ಹೋಗಿ

ಭಾನುವಾರ ಬೇಡ, ಓಪನ್ ಡೇ ಬೇಡ. ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಮೂರಕ್ಕೆ ಹೋಗಿ. ಊಟ ಮುಗಿದ ಮೇಲೆ ಲ್ಯಾಬ್ ನಡೆಯುವ ಹೊತ್ತು ಅದು. ಮೂರನೇ ವರ್ಷದ ಲ್ಯಾಬ್ ತೋರಿಸಿ ಅಂತ ಕೇಳಿ.

ಒಂದು ಕಡೆ ನಾನು ಒಬ್ಬ ವಿದ್ಯಾರ್ಥಿಯ ಅಪ್ಪನ ಜೊತೆ ಹೋಗಿದ್ದೆ. ಕೌನ್ಸಿಲರ್ ಎಸಿ ಲ್ಯಾಬ್ ತೋರಿಸಿದರು. ಹೊಳೆಯುವ ಮೂವತ್ತು ಕಂಪ್ಯೂಟರ್. ಹತ್ತಿರ ಹೋಗಿ ನೋಡಿದರೆ ಕೀಬೋರ್ಡ್ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೇ ತೆಗೆದಿರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಒಬ್ಬ ಹುಡುಗನನ್ನು ಕೇಳಿದೆ. "ಅದು ಅಡ್ಮಿಷನ್ ಟೈಮಲ್ಲಿ ಮಾತ್ರ ಓಪನ್ ಇರುತ್ತೆ ಸಾರ್, ನಮ್ ಲ್ಯಾಬ್ ಕೆಳಗಡೆ" ಅಂದ. ಕೆಳಗಡೆ ಎರಡು ಕಂಪ್ಯೂಟರಿಗೆ ಐದು ಜನ ನಿಂತಿದ್ದರು.

ಕೌನ್ಸಿಲರ್ ಪರಿಚಯ ಮಾಡಿಸಿದ ವಿದ್ಯಾರ್ಥಿಗಳನ್ನು ಬಿಡಿ. ಗೇಟಿನ ಹೊರಗಿನ ಝೆರಾಕ್ಸ್ ಅಂಗಡಿ, ಟೀ ಅಂಗಡಿಗೆ ಹೋಗಿ. ಕೊನೆಯ ವರ್ಷದ ಮೂರು ಜನರನ್ನಾದರೂ ಮಾತಾಡಿಸಿ, ನಿಮ್ಮ ಬ್ರಾಂಚಿನವರೇ ಆಗಿರಲಿ. "ಕಾಲೇಜು ಚೆನ್ನಾಗಿದೆಯಾ" ಅಂತ ಕೇಳಿದರೆ "ಪರವಾಗಿಲ್ಲ" ಅಂತಾರೆ, ಮುಗಿಯಿತು. ಹೀಗೆ ಕೇಳಿ:

- ನಿಮ್ಮ ಸೆಕ್ಷನ್‌ನಲ್ಲಿ ಎಷ್ಟು ಜನ? ಅದರಲ್ಲಿ ಎಷ್ಟು ಜನಕ್ಕೆ ಇವತ್ತಿಗೆ ಆಫರ್ ಬಂದಿದೆ?
- ಈ ವರ್ಷ ಮಧ್ಯದಲ್ಲಿ ಎಷ್ಟು ಮೇಷ್ಟ್ರು ಬಿಟ್ಟು ಹೋದರು?
- ಸೇರುವಾಗ ಹೇಳದ ಯಾವ ಫೀ ಆಮೇಲೆ ಕೇಳಿದರು?
- ನಿನ್ನ ತಮ್ಮನನ್ನ ಇಲ್ಲಿಗೆ, ಇಷ್ಟೇ ದುಡ್ಡಿಗೆ ಸೇರಿಸ್ತೀಯಾ?

ಕೊನೆಯ ಪ್ರಶ್ನೆಗೆ ಉತ್ತರ ಬರುವ ಮೊದಲು ಮುಖ ನೋಡಿ.

7. ತೀರ್ಮಾನ

ಇಷ್ಟೊತ್ತಿಗೆ ನಿಮ್ಮ ಹಾಳೆಯಲ್ಲಿ ವ್ಯತ್ಯಾಸದ ಮೊತ್ತ, ಎರಡು ಮೀಡಿಯನ್, ಇಎಂಐ, ಮತ್ತು ಸೀನಿಯರ್‌ಗಳ ಮಾತು ಇರುತ್ತದೆ.

ದುಬಾರಿ ಸೀಟು ಸರಿ ಅಂತ ನಾನು ಹೇಳಿರುವುದೂ ಉಂಟು. ಮನೆಯವರು ಸಾಲ ಇಲ್ಲದೆ, ಜಮೀನು ಮುಟ್ಟದೆ ಕಟ್ಟುವ ಹಾಗಿದ್ದಾಗ. ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ನಾಲ್ಕೂ ವರ್ಷದ ಶುಲ್ಕ ಅರ್ಧಕ್ಕಿಂತ ಕೆಳಗಿಳಿದಾಗ. "ನಮ್ಮ ಸೀಟು" ಅನ್ನುವುದು ಮೇಷ್ಟ್ರೇ ಇಲ್ಲದ, ಸೀಟೇ ತುಂಬದ ಕಾಲೇಜು ಆಗಿದ್ದಾಗ. ಬ್ರಾಂಚ್‌ವಾರು ಅಂಕಿ ನಿಜಕ್ಕೂ ದುಪ್ಪಟ್ಟು ಇದ್ದು, ಅದನ್ನು ಅವರು ಬರೆದು ಕೊಟ್ಟಾಗ.

"ಕಂಪ್ಯೂಟರ್ ಸೈನ್ಸೇ ಬೇಕು" ಅನ್ನುವ ಒಂದೇ ಕಾರಣಕ್ಕೆ 16 ಲಕ್ಷ ಕೊಡುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಸಾಫ್ಟ್‌ವೇರ್ ಕಂಪನಿಗಳು ಎಲೆಕ್ಟ್ರಾನಿಕ್ಸ್‌ನವರನ್ನೂ ಎಲೆಕ್ಟ್ರಿಕಲ್‌ನವರನ್ನೂ ಪರೀಕ್ಷೆಗೆ ಕೂರಿಸುತ್ತವೆ. ಕೋಡಿಂಗ್ ಬಂದರೆ ಆಯಿತು. "ನೆಂಟರ ಮಗ ಅಲ್ಲಿ ಓದ್ತಿದಾನೆ" ಎಂಬುದಂತೂ ಕಾರಣವೇ ಅಲ್ಲ, ಆದರೂ ನಾನು ಅತಿ ಹೆಚ್ಚು ಕೇಳಿದ ಕಾರಣ ಅದೇ.

8. ಕಟ್ಟುವಾಗ, ಈಗಾಗಲೇ ಕಟ್ಟಿದ್ದರೆ

ಸಾಧ್ಯವಾದರೆ ಕೆಇಎ ಮೊದಲ ಸುತ್ತಿನ ಸೀಟು ಹಂಚಿಕೆ ನೋಡುವವರೆಗೆ ತಡೆಯಿರಿ. "ಇವತ್ತು ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತೆ" ಅನ್ನುವ ಫೋನು ಹದಿನೈದು ದಿನ ಬಿಟ್ಟು ಮತ್ತೆ ಬರುತ್ತದೆ, ಒಮ್ಮೊಮ್ಮೆ ರಿಯಾಯಿತಿ ಜೊತೆ. ಕಟ್ಟಲೇಬೇಕಾದರೆ ಕನಿಷ್ಠ ಮೊತ್ತ ಕಟ್ಟಿ. ಸಂಸ್ಥೆಯ ಬ್ಯಾಂಕ್ ಖಾತೆಗೇ ಹಾಕಿ, ರಸೀದಿ ತೆಗೆದುಕೊಳ್ಳಿ, ವಾಪಸ್ ನಿಯಮ ಓದಿ ಸಹಿ ಹಾಕಿ.

ಎದ್ದು ಬರಬೇಕಾದ ಸಂದರ್ಭ ಮೂರು. ನಗದು ಕೇಳಿದರೆ. ರಸೀದಿ ಬೇರೆ ಟ್ರಸ್ಟಿನ ಹೆಸರಲ್ಲಿ ಕೊಟ್ಟರೆ. ಏಜೆಂಟ್ ತನ್ನ ಫೋನ್‌ಪೇ ನಂಬರ್ ಕೊಟ್ಟರೆ. ಕ್ಯಾಪಿಟೇಷನ್ ಶುಲ್ಕ ಕರ್ನಾಟಕದಲ್ಲಿ 1984ರ ಕಾಯ್ದೆಯಿಂದಲೇ ನಿಷೇಧವಾಗಿದೆ. ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕ್ ಸಾಲವೂ ಇಲ್ಲ, ವಾಪಸ್ ಕೇಳಲು ಆಧಾರವೂ ಇಲ್ಲ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಬಿಟ್ಟು ಬರಬೇಡಿ. ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿಯೇ ಹೇಳಿದೆ. ಆಮೇಲೆ ಬೇರೆ ಕಡೆ ಸೀಟು ಸಿಕ್ಕಾಗ ಆ ಕಾರ್ಡಿಗಾಗಿ ಅಲೆಯುವುದು ಬೇಡ.

ಈಗಾಗಲೇ ಕಟ್ಟಿ, ಮನಸ್ಸು ಬದಲಾಯಿಸಿದವರಿಗೆ: ದುಡ್ಡು ಹೋಯಿತು ಅಂದುಕೊಂಡು ಸುಮ್ನೆ ಕೂರಬೇಡಿ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲು ಬಿಟ್ಟರೆ ಶುಲ್ಕ ಪೂರ್ತಿ ವಾಪಸ್, ಅದರಲ್ಲಿ ಪ್ರಕ್ರಿಯೆ ಶುಲ್ಕ ಅಂತ ಹಿಡಿದುಕೊಳ್ಳುವುದು 5 ಸಾವಿರ ಮೀರುವಂತಿಲ್ಲ. ಆಮೇಲೆ ತಡವಾದಂತೆ ಶೇ. 90, 80, 50. ಕೊನೆಯ ದಿನದಿಂದ 30 ದಿನ ಕಳೆದರೆ ಏನೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಯುಜಿಸಿ ಇನ್ನೂ ಉದಾರವಾದ ದಿನಾಂಕ ಹೊರಡಿಸಿದೆ. 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ ಒಂದು ಸಾವಿರ ಮಾತ್ರ ಕಳೆದು ವಾಪಸ್ ಎಂದಿತ್ತು. ನಿಮ್ಮ ವರ್ಷದ ಸುತ್ತೋಲೆ ಯುಜಿಸಿ ವೆಬ್‌ಸೈಟಿನಲ್ಲಿ ನೋಡಿ.

ಬಾಯಲ್ಲಿ ಹೇಳಿ ಬರಬೇಡಿ. ಸೀಟು ಬಿಡುತ್ತಿದ್ದೇನೆ ಎಂಬ ಇಮೇಲ್ ಇವತ್ತೇ ಕಳಿಸಿ, ರಸೀದಿಯ ಫೋಟೋ ಲಗತ್ತಿಸಿ, ಬ್ಯಾಂಕ್ ಖಾತೆ ವಿವರ ಕೊಡಿ. ಲೆಕ್ಕಕ್ಕೆ ಬರುವುದು ಆ ಇಮೇಲಿನ ದಿನಾಂಕ. ಉತ್ತರ ಬರದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿ, ದೂರಿನ ನಂಬರನ್ನು ಅದೇ ಇಮೇಲಿಗೆ ಸೇರಿಸಿ ಇನ್ನೊಮ್ಮೆ ಕಳಿಸಿ. ಅರಕಲಗೂಡಿನವರು ಹಾಗೇ ಮಾಡಿದರು. ಅವರು ಬ್ಲಾಕ್ ಮಾಡಲು ಕಟ್ಟಿದ್ದ ಐವತ್ತು ಸಾವಿರ ಏಳು ವಾರಕ್ಕೆ ಖಾತೆಗೆ ಬಂತು. ಅಷ್ಟರಲ್ಲಿ ಮಗಳು ಮೈಸೂರಿನಲ್ಲಿ ಮೊದಲ ಇಂಟರ್ನಲ್ಸ್ ಬರೆದಿದ್ದಳು.